ಮೈದಾನಕ್ಕೆ ಹೆಸರಾದ ಮಂಡ್ಯದ ವಕೀಲ

ಮಲವಗೊಪ್ಪ (ಶಿವಮೊಗ್ಗ): ಶಿವಮೊಗ್ಗ ಮತ್ತು ಭದ್ರಾವತಿಗಳನ್ನು ಜೋಡಿಸುವ ಬಿ.ಎಚ್. ರಸ್ತೆಯ ಮೇಲಿರುವ ಊರು ಮಲವಗೊಪ್ಪ. ಇದೇ ರಸ್ತೆಯಲ್ಲಿ ಭದ್ರಾವತಿಯನ್ನು ದಾಟಿ ಮುನ್ನೂರು ಕಿಲೋಮೀಟರಿನಷ್ಟು ಸಾಗಿದರೆ ರಾಜಧಾನಿ ಬೆಂಗಳೂರು. ದೊಡ್ಡ ಪಂದ್ಯವಿದೆಯೆಂದರೆ ಈ ಭಾಗದ ಕ್ರಿಕೆಟ್ ಪ್ರೇಮಿಗಳು ರಾತ್ರಿಯ ಬಸ್ಸನ್ನೋ ರೈಲನ್ನೋ ಹಿಡಿಯುವುದು ಹೊಸತೇನಲ್ಲ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ ಪದದ್ದು: ಚಿನ್ನಸ್ವಾಮಿ.

ಆ ಪದ ಈಗ ಒಂದು ಜಾಗದ ಹೆಸರಾಗಿದೆ. ಆಟೊ ಚಾಲಕರಿಗೆ, ಟಿಕೆಟ್ ಮಾರುವವರಿಗೆ, ದೂರದರ್ಶನದ ವೀಕ್ಷಕ ವಿವರಣೆಕಾರರಿಗೆ ಚಿನ್ನಸ್ವಾಮಿ ಎಂದರೆ ಮಹಾತ್ಮ ಗಾಂಧಿ ರಸ್ತೆಯ ತುದಿಯ ಕ್ರೀಡಾಂಗಣ. ಆ ಹೆಸರನ್ನು ಹೊತ್ತಿದ್ದ ಮನುಷ್ಯ ಯಾರು, ಮೈದಾನಕ್ಕೆ ಅವರ ಹೆಸರನ್ನೇ ಇಟ್ಟದ್ದೇಕೆ ಎಂಬುದು ಇಂದಿನ ಪ್ರೇಕ್ಷಕರಲ್ಲಿ ಬಹುಮಂದಿಗೆ ತಿಳಿಯದು. 2025ರ ಜೂನ್ 4ರಂದು ಅದೇ ಕ್ರೀಡಾಂಗಣದ ಹೊರಗೆ ಹನ್ನೊಂದು ಮಂದಿ ನೂಕುನುಗ್ಗಲಿಗೆ ಸಿಲುಕಿ ಸತ್ತ ಮೇಲೆ ಆ ಹೆಸರು ದೇಶದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ರಾಜಧಾನಿಯಲ್ಲಿ ಜನ ಸೇರುವುದಕ್ಕೊಂದು ಶಾಶ್ವತ ನೆಲೆ ಬೇಕೆಂದು ದುಡಿದ ವ್ಯಕ್ತಿಯ ಬದುಕನ್ನು ನೆನೆಯಲು ಇದಕ್ಕಿಂತ ನೋವಿನ ಸಂದರ್ಭ ಇರಲಾರದು. ಆದರೆ ಇದಕ್ಕಿಂತ ಅಗತ್ಯವಾದ ಸಂದರ್ಭವೂ ಇರಲಾರದು.

ಮಂಡ್ಯದಿಂದ ರಾಜಧಾನಿಗೆ

ಮಂಗಳಂ ಚಿನ್ನಸ್ವಾಮಿಯವರು ಜನಿಸಿದ್ದು 1900ರ ಮಾರ್ಚ್ 29ರಂದು, ಮಂಡ್ಯದಲ್ಲಿ. ಆಗ ಮಂಡ್ಯ ಮೈಸೂರು ಸಂಸ್ಥಾನದ ಒಂದು ಸಣ್ಣ ಊರು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆಯ ನೀರು ಆ ಸೀಮೆಯನ್ನು ಕಬ್ಬಿನ ನಾಡಾಗಿ ಮಾಡುವುದಕ್ಕೆ ಇನ್ನೂ ಮೂರು ದಶಕಗಳಿದ್ದವು. ಚಿನ್ನಸ್ವಾಮಿಯವರು ಕಾನೂನು ಓದಿ ವಕೀಲರಾದರು. ಆ ಕಾಲದ ವಿದ್ಯಾವಂತ ಮಧ್ಯಮವರ್ಗಕ್ಕೆ ವಕೀಲಿ ವೃತ್ತಿ ಗೌರವವನ್ನೂ ವರಮಾನವನ್ನೂ ತರುವಂಥದು. ಅವರು ಆ ಎರಡರ ಹಿಂದೆ ಬೀಳಲಿಲ್ಲ. ವೃತ್ತಿಯನ್ನು ಬದಿಗೆ ಸರಿಸಿ ಕ್ರಿಕೆಟ್ ಆಡಳಿತಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಇಂದಿನ ಓದುಗರಿಗೆ ಈ ನಿರ್ಧಾರ ವಿಚಿತ್ರವಾಗಿ ಕಾಣದಿರಬಹುದು. ಈಗ ಕ್ರಿಕೆಟ್ ಆಡಳಿತವೆಂದರೆ ಅಧಿಕಾರ, ಪ್ರಭಾವ, ಕೋಟಿಗಳ ವ್ಯವಹಾರ. ಆಗ ಹಾಗಿರಲಿಲ್ಲ. ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಹುದ್ದೆ ಸಂಬಳವಿಲ್ಲದ ಗೌರವ ಹುದ್ದೆ. ಪತ್ರ ಬರೆಯುವುದು, ತಂಡಕ್ಕೆ ರೈಲು ಟಿಕೆಟ್ ಮಾಡಿಸುವುದು, ಕಾಲೇಜಿನ ಮುಖ್ಯಸ್ಥರನ್ನು ಕಂಡು ಮೈದಾನಕ್ಕೆ ಅನುಮತಿ ಪಡೆಯುವುದು, ದೇಣಿಗೆ ಎತ್ತುವುದು, ಪಂದ್ಯ ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು ಇಂಥ ಸಂಸ್ಥೆಗಳ ನಿತ್ಯದ ಕೆಲಸಗಳಾಗಿದ್ದವು. ಆಟಗಾರರ ಹೆಸರು ಪತ್ರಿಕೆಯಲ್ಲಿ ಬರುತ್ತಿತ್ತು; ಕಾರ್ಯದರ್ಶಿಯದು ಬರುತ್ತಿರಲಿಲ್ಲ.

ಎರವಲು ಮೈದಾನಗಳ ಕಾಲ

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷವೇ ರಣಜಿ ಟ್ರೋಫಿ ಆರಂಭವಾಯಿತು. ಆ ಪಂದ್ಯಾವಳಿಯ ಚರಿತ್ರೆಯಲ್ಲಿ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರೂ ಒಂದು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ನಡೆದ ಆ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯ ಸರದಿಯಲ್ಲಿ 59 ಓಟಗಳಿಗೆ ಕುಸಿದು ಇನ್ನಿಂಗ್ಸ್ ಸೋಲನ್ನು ಕಂಡಿತು. ರಾಜ್ಯದ ಕ್ರಿಕೆಟ್ ಕಣ್ಣು ತೆರೆದದ್ದು ಹೀಗೆ.

ಮುಂದಿನ ವರ್ಷಗಳಲ್ಲಿ ತಂಡ ಚೇತರಿಸಿಕೊಂಡಿತು. 1941-42ರಲ್ಲಿ ಅಂತಿಮ ಪಂದ್ಯ ತಲುಪಿ ಮುಂಬಯಿಗೆ ಸೋತಿತು. 1959-60ರಲ್ಲಿ ಮತ್ತೆ ಅಂತಿಮ ಪಂದ್ಯ ತಲುಪಿತು, ಮತ್ತೆ ಮುಂಬಯಿಗೇ ಸೋತಿತು. ಆಟಗಾರರು ಹುಟ್ಟುತ್ತಿದ್ದರು, ಆದರೆ ಅವರು ಆಡುವುದಕ್ಕೆ ಸಂಸ್ಥೆಯದೇ ಆದ ಜಾಗವಿರಲಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಪಂದ್ಯವೆಂದರೆ ಸೆಂಟ್ರಲ್ ಕಾಲೇಜಿನ ಮೈದಾನ. ಅದು ಕಾಲೇಜಿನ ಸ್ವತ್ತು, ಕ್ರಿಕೆಟ್ ಸಂಸ್ಥೆಗೆ ಎರವಲು.

ಎರವಲು ಮೈದಾನದ ಕಷ್ಟ ಕೇವಲ ಮರ್ಯಾದೆಯದಲ್ಲ, ಹಣದ್ದು. ಹೊರಗಿನಿಂದ ದೊಡ್ಡ ತಂಡ ಬಂದಾಗಲೆಲ್ಲ ಬೊಂಬು ಕಟ್ಟಿ, ಹಲಗೆ ಹೊಡೆದು, ಶಾಮಿಯಾನ ಎಳೆದು ತಾತ್ಕಾಲಿಕ ಗ್ಯಾಲರಿ ಮಾಡಬೇಕು. ಪಂದ್ಯ ಮುಗಿದೊಡನೆ ಬಿಚ್ಚಬೇಕು. ಟಿಕೆಟ್ಟಿನಿಂದ ಬಂದದ್ದರಲ್ಲಿ ಒಂದು ಪಾಲು ಈ ಕಟ್ಟುವ-ಬಿಚ್ಚುವ ಕೆಲಸಕ್ಕೇ ಹೋಗುತ್ತದೆ. ಕೂರುವ ಜನರ ಸಂಖ್ಯೆಗೂ ಮಿತಿ. ಐದು ದಿನಗಳ ಟೆಸ್ಟ್ ಪಂದ್ಯಕ್ಕೆ ಅಂಥ ಜಾಗ ಸಾಲದು. ಮದರಾಸು 1934ರಲ್ಲೇ ಟೆಸ್ಟ್ ಕಂಡಿತ್ತು. ನೆರೆಯ ಹೈದರಾಬಾದು 1955ರಲ್ಲಿ ಕಂಡಿತು. ಪ್ರಸನ್ನ, ಚಂದ್ರಶೇಖರ್ ಅವರಂಥ ಸ್ಪಿನ್ ಬೌಲರುಗಳನ್ನು ಭಾರತ ತಂಡಕ್ಕೆ ಕೊಟ್ಟ ಬೆಂಗಳೂರು ಮಾತ್ರ ತನ್ನವರು ಟೆಸ್ಟ್ ಆಡುವುದನ್ನು ತನ್ನ ನೆಲದಲ್ಲಿ ನೋಡಲಾಗದೆ ರೇಡಿಯೊಗೆ ಕಿವಿಯೊಡ್ಡಿ ಕೂರಬೇಕಾಗಿತ್ತು.

ಕಾರ್ಯದರ್ಶಿಯ ಕುರ್ಚಿ

ಚಿನ್ನಸ್ವಾಮಿಯವರು ಮೈಸೂರು ಸಂಸ್ಥೆಯ ಕಾರ್ಯದರ್ಶಿಯಾದದ್ದು 1953ರಲ್ಲಿ. ನಡುವಿನ ಸ್ವಲ್ಪ ಅವಧಿಯನ್ನು ಬಿಟ್ಟರೆ 1978ರವರೆಗೆ ಆ ಹೊಣೆ ಅವರ ಹೆಗಲ ಮೇಲಿತ್ತು. ಕಾಲು ಶತಮಾನ ಒಂದೇ ಕುರ್ಚಿಯಲ್ಲಿ ಕುಳಿತವರ ಬಗ್ಗೆ ಇಂದು ಅನುಮಾನ ಮೂಡುವುದು ಸಹಜ. ಆದರೆ ಆ ಇಪ್ಪತ್ತೈದು ವರ್ಷಗಳಲ್ಲಿ ಏನಾಯಿತು ಎಂಬುದನ್ನು ನೋಡಿದರೆ ಆ ಅವಧಿಯ ತೂಕ ತಿಳಿಯುತ್ತದೆ. ಅವರು ಹೊಣೆ ಹೊತ್ತಾಗ ಸಂಸ್ಥೆಗೆ ಮೈದಾನವಿರಲಿಲ್ಲ, ರಣಜಿ ಟ್ರೋಫಿ ಇರಲಿಲ್ಲ, ಟೆಸ್ಟ್ ಇರಲಿಲ್ಲ. ಅವರು ಆ ಹೊಣೆಯಿಂದ ಇಳಿಯುವ ಹೊತ್ತಿಗೆ ಮೂರೂ ಇದ್ದವು.

1960ರಲ್ಲಿ ಅವರು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಗೌರವ ಕಾರ್ಯದರ್ಶಿಯಾದರು. 1965ರವರೆಗಿನ ಆ ಐದು ವರ್ಷಗಳು ಭಾರತದ ಕ್ರಿಕೆಟ್ಟಿಗೆ ಏರಿಳಿತಗಳ ಕಾಲ. 1960-61ರಲ್ಲಿ ಪಾಕಿಸ್ತಾನ ಭಾರತಕ್ಕೆ ಬಂದು ಆಡಿದ ಐದು ಟೆಸ್ಟ್‌ಗಳೂ ಡ್ರಾ ಆದವು. 1961-62ರಲ್ಲಿ ಭಾರತ ಮೊದಲ ಬಾರಿಗೆ ಇಂಗ್ಲೆಂಡ್ ವಿರುದ್ಧ ಸರಣಿ ಗೆದ್ದಿತು. ಅದರ ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಚೆಂಡು ಬಡಿದು ಅವರ ಟೆಸ್ಟ್ ಬದುಕೇ ಮುಗಿಯಿತು. ಇಪ್ಪತ್ತೊಂದರ ಹರೆಯದ ಪಟೌಡಿ ನಾಯಕರಾದರು. ಮಂಡಳಿಯ ದಿನನಿತ್ಯದ ವ್ಯವಹಾರ ಆಗ ಮಂಡ್ಯದ ಈ ವಕೀಲರ ಕೈಯಲ್ಲಿತ್ತು.

ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸುಗಳ ಮೈದಾನಗಳಲ್ಲಿ ಟೆಸ್ಟ್ ಪಂದ್ಯಗಳು ಹೇಗೆ ನಡೆಯುತ್ತವೆ, ಎಷ್ಟು ಜನ ಬರುತ್ತಾರೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನೆಲ್ಲ ಹತ್ತಿರದಿಂದ ಕಾಣುವ ಸ್ಥಾನವದು. ಆ ದಶಕದಲ್ಲಿ ಎಡವಟ್ಟುಗಳಿಗೆ ಕೊರತೆ ಇರಲಿಲ್ಲ. 1967ರ ಹೊಸ ವರ್ಷದ ದಿನ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಕೂರಲು ಜಾಗವಿಲ್ಲದೆ ಮೈದಾನಕ್ಕೆ ನುಗ್ಗಿದ ಜನರಿಗೂ ಪೊಲೀಸರಿಗೂ ಘರ್ಷಣೆಯಾಗಿ ಗ್ಯಾಲರಿಗಳಿಗೆ ಬೆಂಕಿ ಬಿತ್ತು. 1969ರ ಡಿಸೆಂಬರಿನಲ್ಲಿ ಅದೇ ಮೈದಾನದ ಹೊರಗೆ ಆಸ್ಟ್ರೇಲಿಯಾ ವಿರುದ್ಧದ ಟೆಸ್ಟ್‌ನ ಟಿಕೆಟ್ಟಿಗಾಗಿ ಕಾದಿದ್ದ ಜನರ ನೂಕಾಟದಲ್ಲಿ ಆರು ಮಂದಿ ಸತ್ತರು. ಕ್ರಿಕೆಟ್ಟಿನ ಜನಪ್ರಿಯತೆ ಅದರ ಕಟ್ಟಡಗಳಿಗಿಂತ ವೇಗವಾಗಿ ಬೆಳೆಯುತ್ತಿತ್ತು.

ಕಬ್ಬನ್ ಪಾರ್ಕಿನ ಪಕ್ಕದ ನೆಲ

ಅದೇ 1969ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹೊಸ ಕ್ರೀಡಾಂಗಣಕ್ಕೆ ಅಡಿಗಲ್ಲು ಬಿದ್ದಿತು. ಜಾಗ ಕಬ್ಬನ್ ಪಾರ್ಕಿನ ಪಕ್ಕ, ದಂಡು ಪ್ರದೇಶವೂ ಹಳೆಯ ನಗರವೂ ಸಂಧಿಸುವ ಎಡೆ. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದ ಕಾಲವದು. ರಾಜ್ಯ ಸರ್ಕಾರದ ಬೆಂಬಲ ದೊರೆಯಿತು. 1970ರಲ್ಲಿ ಕಟ್ಟಡದ ಕೆಲಸ ಆರಂಭವಾಯಿತು.

ಕ್ರಿಕೆಟ್ ಸಂಸ್ಥೆಯೊಂದು ಸ್ವಂತ ಕ್ರೀಡಾಂಗಣ ಕಟ್ಟುವುದು ಆಗ ಸಾಮಾನ್ಯ ಸಂಗತಿಯಾಗಿರಲಿಲ್ಲ. ಮುಂಬಯಿಯಲ್ಲಿ ಟೆಸ್ಟ್ ನಡೆಯುತ್ತಿದ್ದ ಬ್ರೆಬೋರ್ನ್ ಕ್ರೀಡಾಂಗಣ ಒಂದು ಕ್ಲಬ್ಬಿನದು. ಅಲ್ಲಿನ ಕ್ರಿಕೆಟ್ ಸಂಸ್ಥೆಗೂ ಆ ಕ್ಲಬ್ಬಿಗೂ ಆಸನ ಹಂಚಿಕೆಯ ಜಗಳ ತೀರದೆ ಕಡೆಗೆ ವಾಂಖೆಡೆ ಕ್ರೀಡಾಂಗಣ ತಲೆಯೆತ್ತಿತು. ವಾಂಖೆಡೆಯಲ್ಲಿ ಮೊದಲ ಟೆಸ್ಟ್ ನಡೆದದ್ದು 1975ರ ಜನವರಿಯಲ್ಲಿ. ಬೆಂಗಳೂರು ಅದಕ್ಕಿಂತ ಎರಡು ತಿಂಗಳು ಮೊದಲೇ ಸಿದ್ಧವಾಗಿತ್ತು. ಕ್ರಿಕೆಟ್ಟಿನ ರಾಜಧಾನಿಯೆನಿಸಿದ್ದ ಮುಂಬಯಿಗಿಂತ ಮುಂಚೆ ಮೈಸೂರು ರಾಜ್ಯದ ಸಂಸ್ಥೆ ಈ ಸಾಹಸಕ್ಕೆ ಕೈಹಾಕಿತ್ತು ಎಂಬುದು ಸಣ್ಣ ಮಾತಲ್ಲ.

ಕ್ರೀಡಾಂಗಣ ಒಂದೇ ಸಲಕ್ಕೆ ಪೂರ್ಣಗೊಳ್ಳಲಿಲ್ಲ. 1972-73ರ ಋತುವಿನಲ್ಲೇ ಪ್ರಥಮ ದರ್ಜೆಯ ಪಂದ್ಯಗಳು ಆರಂಭವಾದವು. ಒಂದು ಕಡೆ ಆಟ, ಇನ್ನೊಂದು ಕಡೆ ಕಟ್ಟಡದ ಕೆಲಸ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಸಂಸ್ಥೆಯ ಹೆಸರೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಎಂದಾಯಿತು.

ಎಂದೂ ಮರೆಯದ 1974

ಹೊಸ ಹೆಸರಿನ ಮೊದಲ ಋತುವಿನಲ್ಲೇ ಕರ್ನಾಟಕ ತಂಡ ರಣಜಿ ಸೆಮಿಫೈನಲ್ ತಲುಪಿತು. ಎದುರಾಳಿ ಮುಂಬಯಿ. 1958-59ರಿಂದ ಸತತ ಹದಿನೈದು ಬಾರಿ ಟ್ರೋಫಿ ಗೆದ್ದ ತಂಡ. 1974ರ ಮಾರ್ಚ್‌ನಲ್ಲಿ ಬೆಂಗಳೂರಿನ ಹೊಸ ಮೈದಾನದಲ್ಲಿ ನಡೆದ ಆ ಪಂದ್ಯವನ್ನು ಕಂಡವರು ಇಂದಿಗೂ ಅದರ ಮಾತು ಬಂದರೆ ಹುರುಪುಗೊಳ್ಳುತ್ತಾರೆ. ಕರ್ನಾಟಕ 385 ಓಟ ಗಳಿಸಿತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಉತ್ತರವಾಗಿ ಆಡಲಿಳಿದ ಮುಂಬಯಿಯ ಸುನಿಲ್ ಗಾವಸ್ಕರ್ ಅವರನ್ನು ನಾಯಕ ಪ್ರಸನ್ನ ಬೌಲ್ಡ್ ಮಾಡಿದರು. ನೆಲೆಯೂರಿ ಆಡುತ್ತಿದ್ದ ಅಜಿತ್ ವಾಡೇಕರ್ ಕಾಲು ಜಾರಿ ರನ್‌ಔಟ್ ಆದರು. ಮುಂಬಯಿ 307ಕ್ಕೆ ಮುಗಿಯಿತು. ಮೊದಲ ಸರದಿಯ ಮುನ್ನಡೆಯ ಬಲದಿಂದ ಕರ್ನಾಟಕ ಫೈನಲ್‌ಗೆ ಹೋಯಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ತಂದಿತು. 1934ರಲ್ಲಿ ಒಂದೇ ದಿನದಲ್ಲಿ ಸೋತ ತಂಡಕ್ಕೆ ಈ ಗೆಲುವು ದಕ್ಕಲು ನಲವತ್ತು ವರ್ಷ ಬೇಕಾಯಿತು.

ಅದೇ ವರ್ಷದ ನವೆಂಬರ್ 22ರಂದು ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ಎದುರಾಳಿ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್. ಆ ಪಂದ್ಯದಲ್ಲಿ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಎಂಬ ಇಬ್ಬರು ತರುಣರು ಮೊದಲ ಟೆಸ್ಟ್ ಆಡಿದರು. ಗ್ರೀನಿಜ್ 93 ಮತ್ತು 107 ಗಳಿಸಿದರು. ರಿಚರ್ಡ್ಸ್ ಎರಡೂ ಸರದಿಗಳಲ್ಲಿ ಒಂದಂಕಿ ದಾಟಲಿಲ್ಲ. ಲಾಯ್ಡ್ 163 ಓಟಗಳ ಅಬ್ಬರದ ಆಟವಾಡಿದರು. ಭಾರತ 267 ಓಟಗಳಿಂದ ಸೋತಿತು. ಫಲಿತಾಂಶ ಏನೇ ಇರಲಿ, ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ತಮ್ಮ ರಾಜ್ಯದ ಜನರ ಕಣ್ಣೆದುರಿಗೆ ಟೆಸ್ಟ್ ಆಡಿದರು. ಎಪ್ಪತ್ತನಾಲ್ಕರ ವಯಸ್ಸಿನ ಕಾರ್ಯದರ್ಶಿಗೆ ಅದು ಸಾರ್ಥಕದ ದಿನ.

ಭದ್ರಾವತಿಯ ನಂಟು

ಶಿವಮೊಗ್ಗ ಸೀಮೆಗೆ ಈ ಕಥೆಯಲ್ಲಿ ಪಾಲು ಸಿಗುವುದು ವಿಶ್ವನಾಥ್ ಅವರಿಂದ. 1949ರ ಫೆಬ್ರುವರಿ 12ರಂದು ಅವರು ಹುಟ್ಟಿದ್ದು ಕಬ್ಬಿಣದ ಕಾರ್ಖಾನೆಯ ಊರು ಭದ್ರಾವತಿಯಲ್ಲಿ. ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನಲ್ಲಿ ಪಳಗಿ 1967-68ರಲ್ಲಿ ಮೈಸೂರು ತಂಡಕ್ಕೆ ಆಯ್ಕೆಯಾದರು. ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಓಟ. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್: ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ಪ್ರತಿಭೆ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಅದು ಬೆಳೆಯುವುದಕ್ಕೆ ಸಂಸ್ಥೆ ಬೇಕು, ಪಂದ್ಯ ಬೇಕು, ಮೈದಾನ ಬೇಕು. ಇವನ್ನು ಒದಗಿಸುವವರ ಹೆಸರು ಸ್ಕೋರ್ ಪಟ್ಟಿಯಲ್ಲಿ ಇರುವುದಿಲ್ಲ. ವಿಶ್ವನಾಥರ ಬ್ಯಾಟಿನ ಹಿಂದೆ ಅವರ ಕೈಚಳಕವಿತ್ತು. ಆ ಕೈಚಳಕ ರಾಜ್ಯದ ಜನರ ಕಣ್ಣಿಗೆ ಬೀಳುವಂತಾದದ್ದರ ಹಿಂದೆ ಚಿನ್ನಸ್ವಾಮಿಯವರ ಕಚೇರಿಯ ದುಡಿಮೆಯಿತ್ತು. 1979ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಬೆಂಗಳೂರಿನಲ್ಲಿ ನಡೆದ ಟೆಸ್ಟ್‌ನಲ್ಲಿ ವಿಶ್ವನಾಥ್ ಔಟಾಗದೆ 161 ಓಟ ಗಳಿಸಿದರು. ಆಗ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದವರು ಚಿನ್ನಸ್ವಾಮಿ.

ಮಂಡಳಿಯ ಚುಕ್ಕಾಣಿ

1977ರಲ್ಲಿ ಅವರು ಮಂಡಳಿಯ ಅಧ್ಯಕ್ಷರಾದಾಗ ಜಗತ್ತಿನ ಕ್ರಿಕೆಟ್ ಎರಡಾಗಿ ಸೀಳಿತ್ತು. ಆಸ್ಟ್ರೇಲಿಯಾದ ದೂರದರ್ಶನ ಉದ್ಯಮಿ ಕೆರಿ ಪ್ಯಾಕರ್ ದೊಡ್ಡ ಸಂಬಳ ಕೊಟ್ಟು ಹಲವು ದೇಶಗಳ ಆಟಗಾರರನ್ನು ತನ್ನತ್ತ ಸೆಳೆದು ಪ್ರತ್ಯೇಕ ಪಂದ್ಯಾವಳಿ ನಡೆಸಿದ. ಬಣ್ಣದ ಉಡುಪು, ಬಿಳಿಯ ಚೆಂಡು, ಹೊನಲು ಬೆಳಕಿನ ಆಟ ಇವೆಲ್ಲ ರೂಢಿಗೆ ಬಂದದ್ದು ಅಲ್ಲಿಂದಲೇ. ಆಸ್ಟ್ರೇಲಿಯಾ, ವೆಸ್ಟ್ ಇಂಡೀಸ್, ಪಾಕಿಸ್ತಾನ, ಇಂಗ್ಲೆಂಡ್‌ಗಳ ಆಟಗಾರರು ಹೊರಟುಹೋದರು. ಭಾರತ ತಂಡ ಮಾತ್ರ ಒಡೆಯದೆ ಉಳಿಯಿತು. 1977-78ರಲ್ಲಿ ಬಿಷನ್ ಸಿಂಗ್ ಬೇಡಿಯವರ ತಂಡ ಆಸ್ಟ್ರೇಲಿಯಾಕ್ಕೆ ಹೋಗಿ ಐದು ಟೆಸ್ಟ್‌ಗಳ ಸರಣಿಯನ್ನು 3-2ರಿಂದ ಸೋತರೂ ಟೆಸ್ಟ್ ಕ್ರಿಕೆಟ್ಟಿಗೆ ಇನ್ನೂ ಜನ ಬರುತ್ತಾರೆಂದು ತೋರಿಸಿತು.

1978ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ಹೋಯಿತು. ಎರಡು ಯುದ್ಧಗಳ ಕಾರಣದಿಂದ ಹದಿನೇಳು ವರ್ಷ ನಿಂತುಹೋಗಿದ್ದ ಪಂದ್ಯಗಳು ಮತ್ತೆ ಆರಂಭವಾದದ್ದು ಆಗ. ನಿಂತುಹೋಗುವ ಮುನ್ನ ನಡೆದ 1960-61ರ ಸರಣಿಯ ವೇಳೆ ಚಿನ್ನಸ್ವಾಮಿ ಮಂಡಳಿಯ ಕಾರ್ಯದರ್ಶಿಯಾಗಿದ್ದರು. ಮತ್ತೆ ಆರಂಭವಾದಾಗ ಅಧ್ಯಕ್ಷರು. 1928ರಲ್ಲಿ ಹುಟ್ಟಿದ ಮಂಡಳಿಯ ಸುವರ್ಣ ಮಹೋತ್ಸವವೂ ಅವರ ಅವಧಿಯಲ್ಲೇ ಬಂದಿತು. ಅದರ ಅಂಗವಾಗಿ 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಟೆಸ್ಟ್‌ಗೆ ಭಾರತದ ನಾಯಕ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ವಿಶ್ವನಾಥ್ ಮರಳಿ ಆಡಲು ಕರೆದರು. ಟೇಲರ್ ಮತ್ತು ಬಾಥಮ್ ಜೊತೆಯಾಟ ಬೆಳೆಯಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಸೋಲನ್ನು ಇಂದು ಯಾರೂ ನೆನೆಯುವುದಿಲ್ಲ. ಆ ಕರೆಯನ್ನು ಮಾತ್ರ ಎಲ್ಲರೂ ನೆನೆಯುತ್ತಾರೆ.

ಕೊನೆಯ ವರ್ಷಗಳು

1978ರಿಂದ 1990ರವರೆಗೆ ಚಿನ್ನಸ್ವಾಮಿಯವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1977-78 ಮತ್ತು 1982-83ರಲ್ಲಿ ಕರ್ನಾಟಕ ಮತ್ತೆರಡು ಬಾರಿ ರಣಜಿ ಟ್ರೋಫಿ ಗೆದ್ದಿತು. ಬೆಂಗಳೂರಿನ ಮೈದಾನ ಸ್ಮರಣೀಯ ಪಂದ್ಯಗಳ ತವರಾಯಿತು. 1982ರಲ್ಲಿ ಮೊದಲ ಏಕದಿನ ಪಂದ್ಯ. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನ 16 ಓಟಗಳಿಂದ ಗೆದ್ದ ಟೆಸ್ಟ್. ತಿರುಗುವ ಚೆಂಡಿನ ಎದುರು 96 ಓಟ ಗಳಿಸಿದ ಗಾವಸ್ಕರ್ ಅವರಿಗೆ ಅದು ಕೊನೆಯ ಟೆಸ್ಟ್. ಅದೇ ವರ್ಷ ವಿಶ್ವಕಪ್ ಪಂದ್ಯ. 1988ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ ತಮ್ಮ 374ನೆಯ ವಿಕೆಟ್ ಪಡೆದು ವಿಶ್ವ ದಾಖಲೆ ಬರೆದದ್ದೂ ಇಲ್ಲೇ.

1991ರ ನವೆಂಬರ್ 8ರಂದು ಚಿನ್ನಸ್ವಾಮಿಯವರು ನಿಧನರಾದರು. ಅವರಿಗೆ ತೊಂಬತ್ತೊಂದು ವರ್ಷ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ ಎಂದಷ್ಟೇ ಕರೆಸಿಕೊಳ್ಳುತ್ತಿದ್ದ ಮೈದಾನಕ್ಕೆ ಅವರ ಸೇವೆಯ ಗೌರವಾರ್ಥ ಅವರ ಹೆಸರನ್ನು ಇಡಲಾಯಿತು. ರಾಜರು, ಮಂತ್ರಿಗಳು, ರಾಷ್ಟ್ರನಾಯಕರ ಹೆಸರುಗಳೇ ತುಂಬಿರುವ ನಗರದಲ್ಲಿ ಸಂಬಳವಿಲ್ಲದೆ ದುಡಿದ ಕಾರ್ಯದರ್ಶಿಯೊಬ್ಬನ ಹೆಸರಿಗೆ ಇಷ್ಟು ದೊಡ್ಡ ಸ್ಥಾನ ದೊರೆತದ್ದು ಅಪರೂಪ.

ಆಟದಾಚೆಗಿನ ಜನಸಂದಣಿ

ಅವರು ಕಣ್ಮರೆಯಾದ ಮೇಲೆ ಮೈದಾನದ ಸ್ವರೂಪ ಬದಲಾಯಿತು. 1996ರ ವಿಶ್ವಕಪ್‌ಗಾಗಿ ಹೊನಲು ಬೆಳಕಿನ ಕಂಬಗಳು ಎದ್ದವು. ಮಾರ್ಚ್ 9ರ ರಾತ್ರಿ ಆ ಬೆಳಕಿನಲ್ಲಿ ಭಾರತ ಪಾಕಿಸ್ತಾನವನ್ನು 39 ಓಟಗಳಿಂದ ಸೋಲಿಸಿತು. ಅದೇ ವರ್ಷದ ನವೆಂಬರ್ 23ರಂದು ಅದೇ ಅಂಗಳದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ರೈತ ಸಂಘಟನೆಗಳಿಂದ ಮಹಿಳಾ ಸಂಘಟನೆಗಳವರೆಗೆ ಬೇರೆ ಬೇರೆ ಕಾರಣಗಳಿಗಾಗಿ ಪ್ರತಿಭಟಿಸಿದವು. ಕ್ರೀಡಾಂಗಣದ ಸುತ್ತ ಪೊಲೀಸ್ ಕೋಟೆಯೇ ಏರ್ಪಟ್ಟಿತ್ತು. ಕ್ರಿಕೆಟ್ ಮೈದಾನ ರಾಜಧಾನಿಯ ಮಹಾವೇದಿಕೆಯಾಗಿ ಮಾರ್ಪಟ್ಟದ್ದಕ್ಕೆ ಅದು ಮೊದಲ ದೊಡ್ಡ ಸಾಕ್ಷಿ.

2008ರ ಏಪ್ರಿಲ್ 18ರಂದು ಐಪಿಎಲ್‌ನ ಪ್ರಪ್ರಥಮ ಪಂದ್ಯವೂ ಇಲ್ಲೇ ನಡೆಯಿತು. ಸಂಗೀತ, ದೀಪಾಲಂಕಾರ, ನೃತ್ಯಗಳ ನಡುವೆ ಬ್ರೆಂಡನ್ ಮೆಕಲಮ್ ಔಟಾಗದೆ 158 ಓಟ ಬಾರಿಸಿದರು. ಆಟ ಯಾವುದು, ಮನರಂಜನೆ ಯಾವುದು ಎಂಬ ಗೆರೆ ಆ ರಾತ್ರಿಯಿಂದ ಅಳಿಸಿಹೋಯಿತು. ವರ್ಷಕ್ಕೆ ಒಂದೆರಡು ಬಾರಿ ತುಂಬುತ್ತಿದ್ದ ಗ್ಯಾಲರಿಗಳು ಬೇಸಿಗೆಯಲ್ಲಿ ವಾರಕ್ಕೊಮ್ಮೆ ತುಂಬತೊಡಗಿದವು. 2010ರ ಏಪ್ರಿಲ್ 17ರಂದು ಪಂದ್ಯಕ್ಕೆ ಮುನ್ನ ಕ್ರೀಡಾಂಗಣದ ಆವರಣದಲ್ಲಿ ಬಾಂಬ್ ಸ್ಫೋಟಿಸಿ ಹಲವರು ಗಾಯಗೊಂಡರು. ಆ ವರ್ಷದ ಸೆಮಿಫೈನಲ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬಯಿಗೆ ಹೋದವು.

ಜನ ಸೇರಿದೆಡೆ ಅನಾಹುತವಾಗುವುದು ಬೆಂಗಳೂರಿಗೆ ಹೊಸತಲ್ಲ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಹತ್ತಿದಾಗ 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ನಿಧನರಾದಾಗ ಅಂತಿಮ ದರ್ಶನಕ್ಕೆ ನೆರೆದ ಜನಸಾಗರ ಹಿಂಸೆಗೆ ತಿರುಗಿ ಜೀವಹಾನಿಯಾಯಿತು. ಸಂತೋಷಕ್ಕೆ ಬಂದವರಿರಲಿ, ದುಃಖಕ್ಕೆ ಬಂದವರಿರಲಿ, ಒಳಬರುವ ದಾರಿ, ಹೊರಹೋಗುವ ದಾರಿ, ಎಷ್ಟು ಜನ ಎಂಬ ಲೆಕ್ಕ ಈ ಮೂರರಲ್ಲಿ ಒಂದು ತಪ್ಪಿದರೂ ಸಾಕು.

ಜೂನ್ 4ರ ಪಾಠ

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಹದಿನೆಂಟು ವರ್ಷಗಳ ಕಾಯುವಿಕೆಯ ನಂತರ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವ. ಸುಮಾರು 35,000 ಮಂದಿ ಕೂರಬಹುದಾದ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಹರಿದುಬಂದರು. ಪಂದ್ಯದ ದಿನಗಳಲ್ಲಿ ಟಿಕೆಟ್ ಜನರನ್ನು ಎಣಿಸುತ್ತದೆ. ಯಾವ ಗೇಟು, ಯಾವ ಸಾಲು, ಯಾವ ಆಸನ ಎಂದು ಹಂಚುತ್ತದೆ. ಅಂದು ಆ ಎಣಿಕೆ ಇರಲಿಲ್ಲ. ಗೇಟುಗಳ ಬಳಿಯ ನೂಕಾಟದಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು, ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು.

ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗ ಅದೇ ಜುಲೈನಲ್ಲಿ ವರದಿ ಸಲ್ಲಿಸಿತು. ಈ ಕ್ರೀಡಾಂಗಣದ ಈಗಿನ ರಚನೆ ಭಾರೀ ಜನಸಂದಣಿಯ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂಬುದು ಅದರ ಅಭಿಪ್ರಾಯ. ಆ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ಬೆಂಗಳೂರಿಗೆ ನಿಗದಿಯಾಗಿದ್ದ ಪಂದ್ಯಗಳು ಕೈತಪ್ಪಿ, 2010ರಲ್ಲಿ ಆದಂತೆಯೇ, ನವಿ ಮುಂಬಯಿಯ ಪಾಲಾದವು. ಟೆಸ್ಟ್ ಪಂದ್ಯಕ್ಕಾಗಿ ದಶಕಗಳ ಕಾಲ ಹಂಬಲಿಸಿದ್ದ ನಗರ ತಾನಾಗಿ ಬಂದ ವಿಶ್ವಕಪ್ಪನ್ನು ಕಳೆದುಕೊಂಡಿತು.

ಈ ದುರಂತಕ್ಕೆ ಮೂರು ದಶಕಗಳ ಹಿಂದೆ ತೀರಿಕೊಂಡ ವ್ಯಕ್ತಿಯನ್ನು ಹೊಣೆ ಮಾಡುವುದು ಅನ್ಯಾಯ. ಅವರ ಕಾಲದ ಬೆಂಗಳೂರಿನ ಜನಸಂಖ್ಯೆ ಬೇರೆ, ರಸ್ತೆಗಳ ದಟ್ಟಣೆ ಬೇರೆ, ಜಾಲತಾಣದಲ್ಲಿ ಒಂದು ಸಾಲು ಬರೆದರೆ ಗಂಟೆಯೊಳಗೆ ಲಕ್ಷ ಜನ ಸೇರುವ ಕಾಲವೂ ಅದಲ್ಲ. ಆದರೆ ಅವರ ಬದುಕಿನಿಂದ ಕಲಿಯಬೇಕಾದದ್ದು ಇದೆ. ಬೆಂಗಳೂರಿಗೆ ಪಂದ್ಯ ತರುವ ಮುನ್ನ ಅವರು ಪಂದ್ಯಕ್ಕೆ ಜಾಗ ಹುಡುಕಿದರು. ಜನರನ್ನು ಕರೆಯುವ ಮುನ್ನ ಅವರು ಕೂರುವ ಆಸನವನ್ನು ಕಟ್ಟಿಸಿದರು. ಅಡಿಗಲ್ಲಿನಿಂದ ಮೊದಲ ಟೆಸ್ಟ್‌ವರೆಗೆ ಐದೂವರೆ ವರ್ಷ ಹಿಡಿಯಿತು. 2025ರ ವಿಜಯೋತ್ಸವಕ್ಕೆ ದೊರೆತ ಸಿದ್ಧತೆಯ ಅವಧಿ ಒಂದು ದಿನಕ್ಕೂ ಕಡಿಮೆ.

ರಾಜಧಾನಿಯ ಮೈದಾನವೊಂದೇ ಇಡೀ ರಾಜ್ಯದ ಭಾರ ಹೊರಬೇಕೆ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಸಂಸ್ಥೆಯದೇ ಮೈದಾನವಿದೆ. 2024ರ ಜನವರಿಯಲ್ಲಿ ಅಲ್ಲಿ ನಡೆದ 19 ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬಯಿ ವಿರುದ್ಧ ಔಟಾಗದೆ 404 ಓಟ ಗಳಿಸಿದರು. ಆ ಪಂದ್ಯಾವಳಿಯ ಫೈನಲ್‌ನಲ್ಲಿ 400 ದಾಟಿದ ಮೊದಲಿಗರು ಅವರು. ಅರ್ಧ ಶತಮಾನದ ಹಿಂದೆ ಮುಂಬಯಿಯನ್ನು ಮಣಿಸಲು ಕರ್ನಾಟಕಕ್ಕೆ ಬೆಂಗಳೂರಿನ ಮೈದಾನ ಬೇಕಾಗಿತ್ತು. ಈ ಸಲ ಮಲೆನಾಡಿನ ಹೆಬ್ಬಾಗಿಲ ಮೈದಾನವೇ ಸಾಕಾಯಿತು. ಆ ಇನ್ನಿಂಗ್ಸ್ ನೋಡಲು ಮಲವಗೊಪ್ಪದವರು ರಾತ್ರಿಯ ಬಸ್ ಹಿಡಿಯಬೇಕಾಗಿರಲಿಲ್ಲ.

ಚಿನ್ನಸ್ವಾಮಿಯವರು ಟೆಸ್ಟ್ ಆಡಿದವರಲ್ಲ. ಅವರು ಬಿಟ್ಟುಹೋದದ್ದು ಒಂದು ಜಾಗ. ಅದರೊಳಗೆ ಬಂದ ಪ್ರತಿಯೊಬ್ಬ ಪ್ರೇಕ್ಷಕನೂ ಆಟ ಮುಗಿದ ಮೇಲೆ ಕ್ಷೇಮವಾಗಿ ಮನೆ ಸೇರಿದಾಗಲಷ್ಟೇ ಆ ಜಾಗ ಅವರ ಹೆಸರಿಗೆ ತಕ್ಕದ್ದಾಗುತ್ತದೆ.